ನಡುವಿನ ಮೂವತ್ತೆಂಟು ಸಾಲು

ಹೋದ ತಿಂಗಳು ಶಾಲೆಯ ಕಾಗದಪತ್ರ ಹಿಡಿದು ಹರಿಹರಕ್ಕೆ ಹೋಗಿದ್ದೆ. ವಾಪಸು ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಗೋಡೆಯ ಪಕ್ಕ ಗೋಣಿಚೀಲ ಹಾಸಿಕೊಂಡು ಕೂತಿದ್ದ ಮುದುಕ ಅದನ್ನು ತಿರುಗಿಸಿ ನೋಡಿ, “ಇನ್ನೊಂದು ಕಾಲಿಂದೂ ಇವತ್ತೋ ನಾಳೆಯೋ ಅನ್ನಂಗೈತೆ. ಎರಡಕ್ಕೂ ಹಾಕ್ಲೇನ್ರಿ?” ಎಂದ. ನಾನು ಹೂಂ ಅಂದೆ. ಅವನು ದಾರವನ್ನು ಮೇಣದ ಉಂಡೆಯ ಮೇಲೆ ಎರಡು ಸಲ ಎಳೆದ. ಹೊರಗೆ ಜಿಟಿಜಿಟಿ ಮಳೆ. ಆ ಮೇಣದ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎಪ್ಪತ್ತೆಂಟರ ಮಳೆಗಾಲದಲ್ಲಿದ್ದೆ. ದಾವಣಗೆರೆಯ ಬಸ್ಸು ಬಂದು ಹೋಯಿತು. ನಾನು ಹತ್ತಲಿಲ್ಲ.

ಮನೆಗೆ ಬಂದು ಆ ವರ್ಷದ ಡೈರಿ ತೆಗೆದೆ. ಆಗ ನನಗೆ ಹತ್ತೊಂಬತ್ತು. ದಾವಣಗೆರೆಯ ವಿದ್ಯಾನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಅಕ್ಕ ಮದುವೆಯಾಗಿ ರಾಣೆಬೆನ್ನೂರಿನಲ್ಲಿದ್ದಳು. ಮನೆಯಲ್ಲಿ ಅಪ್ಪ ಮತ್ತು ನಾನು ಇಬ್ಬರೇ. ಅಪ್ಪ ಹತ್ತಿ ಗಿರಣಿಯಲ್ಲಿ ಟೈಂ ಕೀಪರ್. ಗೇಟಿನ ಬಳಿ ಕೂತು ಯಾರು ಎಷ್ಟು ಗಂಟೆಗೆ ಒಳಗೆ ಬಂದರು, ಎಷ್ಟಕ್ಕೆ ಹೊರಗೆ ಹೋದರು ಎಂದು ಬರೆಯುವುದು ಅವರ ಕೆಲಸ. ಹೊಸ ವರ್ಷಕ್ಕೆ ನನಗೊಂದು ಡೈರಿ ತಂದುಕೊಡುತ್ತಿದ್ದರು. “ನೆನಪು ಮೋಸ ಮಾಡ್ತೈತೆ, ಬರೆದಿಟ್ಟಿದ್ದು ಮಾಡಲ್ಲ” ಎನ್ನುತ್ತಿದ್ದರು. ನಾನು ಅದನ್ನು ಪೂರ್ತಿ ನಂಬಿದ್ದೆ.

ಹಿಂದಿನ ಡಿಸೆಂಬರಿನಲ್ಲಿ ಅವ್ವ ತೀರಿಕೊಂಡಿದ್ದಳು. ಏಳು ತಿಂಗಳು ಹಾಸಿಗೆ ಹಿಡಿದಿದ್ದಳು. ಆ ಏಳು ತಿಂಗಳ ಜ್ವರ, ಮಾತ್ರೆ, ಇಂಜೆಕ್ಷನ್ನು, ಕುಡಿದ ಗಂಜಿ ಎಷ್ಟು ಲೋಟ, ಎಲ್ಲವೂ ನನ್ನ ಡೈರಿಯಲ್ಲಿದೆ. ಅವಳು ಆಡಿದ ಮಾತು ಒಂದೂ ಇಲ್ಲ.

ಜೂನ್ 11, ಭಾನುವಾರ. ಮಳೆ ಶುರುವಾಗಿ ಮೂರನೆಯ ದಿನ. ಅವ್ವನ ಟ್ರಂಕಿಗೆ ತೇವ ಹತ್ತಬಾರದೆಂದು ಸೀರೆಗಳನ್ನು ಹೊರಗೆ ತೆಗೆದೆ. ತಳದಲ್ಲಿ ಹಾಲಿನ ಪುಡಿಯ ಹಳೇ ಡಬ್ಬಿ ಸಿಕ್ಕಿತು. ಅದರೊಳಗೆ ಅರ್ಧ ಹೆಣೆದ ಮಣಿ ಸಂಚಿ. ಹೆಣಿಗೆ ಇನ್ನೂ ಕಡ್ಡಿಯ ಮೇಲೇ ಇತ್ತು. ಅದರಿಂದ ಹೊರಟ ದಾರದ ತುಂಬ ಸಾಸಿವೆಗಿಂತ ಸಣ್ಣ ಮಣಿಗಳು, ಗಿರಣಿಯ ಒಂದು ಮರದ ಬಾಬಿನ್ನಿಗೆ ಸುತ್ತಿಕೊಂಡಿದ್ದವು. ದಾರಕ್ಕೆ ಮೇಣ ಹಚ್ಚಿದ್ದಳು. ಡಬ್ಬಿ ತೆರೆದೊಡನೆ ಬಂದದ್ದು ಅದರ ವಾಸನೆ.

ಅವ್ವ ಹರಿಹರದವಳು. ಮದುವೆಗೆ ಮುಂಚೆ ಪಕ್ಕದ ಮನೆಯ ಖಾಲಮ್ಮ ಎಂಬವರಿಂದ ಈ ಕೆಲಸ ಕಲಿತಿದ್ದಳು. ಎಲೆಅಡಿಕೆಗೋ ಚಿಲ್ಲರೆಗೋ ಇಟ್ಟುಕೊಳ್ಳುವ ಅಂಗೈಯಗಲದ ಸಂಚಿ. ಮುಂದಕ್ಕೆ ಮಣಿಯ ಹೆಣಿಗೆ, ಹಿಂದಕ್ಕೆ ಮಖಮಲ್ಲು. ಅವರ ಕಡೆ ಒಂದು ಪದ್ಧತಿಯಿತ್ತು. ಸಂಚಿ ಯಾರಿಗೆಂದು ಹೆಣೆಯುವವರು ಬಾಯಿಬಿಟ್ಟು ಹೇಳಬಾರದು. ಮೇಲಿನ ಚಿತ್ರ ನೋಡಿ ತೆಗೆದುಕೊಳ್ಳುವವರೇ ಇದು ತಮ್ಮದೆಂದು ಗುರುತು ಹಿಡಿಯಬೇಕು. ಅಕ್ಕನ ಸಂಚಿಯ ಮೇಲೆ ಬಾಯಿ ತೆರೆದ ಗಿಣಿ ಇತ್ತು. ಅವಳ ಬಾಯಿ ಒಂದು ಗಳಿಗೆ ಮುಚ್ಚುತ್ತಿರಲಿಲ್ಲ. ಅಪ್ಪನದರ ಮೇಲೆ ಗೋಡೆ ಗಡಿಯಾರ. “ನಿಮ್ಮಪ್ಪಗೆ ಇನ್ನೇನ್ ಬರೀಲಿ?” ಎಂದು ಅವ್ವ ನಕ್ಕಿದ್ದಳು. ನನಗೆ ಸಂಚಿ ಇರಲಿಲ್ಲ. ಕೇಳಿದಾಗೆಲ್ಲ “ನೀನು ಏನಂತ ಇನ್ನೂ ನನಗ ಗೊತ್ತಾಗಿಲ್ಲ, ತಡಿ” ಎನ್ನುತ್ತಿದ್ದಳು. ಹೆಣೆಯುವುದನ್ನು ಕಲಿಯೆಂದು ಎರಡು ಸಲ ಕರೆದಿದ್ದಳು. ಎರಡು ಸಲವೂ ನನಗೆ ಪರೀಕ್ಷೆ.

ಡಬ್ಬಿಯಲ್ಲಿದ್ದ ಹೆಣಿಗೆಯಲ್ಲಿ ಕೆಳಗೆ ಎಲೆಬಳ್ಳಿಯ ಅಂಚು, ಅದರ ಮೇಲೆ ಬಿಳಿ. ಬಿಳಿಯ ನಡುವೆ ಹಳದಿ ಬಣ್ಣದ ಎರಡು ಸಣ್ಣ ಕಾಲುಗಳು ಎದ್ದಿದ್ದವು. ಅಲ್ಲಿಗೆ ನಿಂತಿತ್ತು. ಅಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

“ಯಾರಿಗಂತೆ ಅಪ್ಪ?”

“ಹೇಳಿದ್ರಲ್ವಾ ನನಗೆ ಗೊತ್ತಾಗೋದು? ಕಾಲು ಅದಾವಲ್ಲ, ಏನೋ ನಿಂತೈತೆ.”

ನನ್ನದೇ ಇರಬೇಕು ಎನ್ನಿಸಿತು. ಹೇಳಲು ನಾಚಿಕೆಯಾಯಿತು. ಅವ್ವನ ವರ್ಷದ ಕಾರ್ಯದೊಳಗೆ, ಅಂದರೆ ಡಿಸೆಂಬರಿನೊಳಗೆ, ಇದನ್ನು ಮುಗಿಸುತ್ತೇನೆ ಎಂದು ಮಾತ್ರ ಹೇಳಿದೆ. ಅಪ್ಪ, “ಸಾಮಾನು ಸಾಕೋ ಸಾಲದೋ ಮೊದ್ಲು ನೋಡ್ಕ. ಅರ್ಧಕ್ಕೆ ನಿಂತಿದ್ದು ಮತ್ತೆ ಅರ್ಧಕ್ಕೆ ನಿಂತ್ರೆ ನನಗೆ ನೋಡಾಕಾಗಲ್ಲ” ಎಂದರು.

ನಾನು ಮಾಡಿದ ಕೆಲಸಕ್ಕೆ ಆ ಮಾತು ಕಾರಣವಲ್ಲ. ನನ್ನ ಸ್ವಭಾವವೇ ಹಾಗಿತ್ತು. ಮರುದಿನ ಕಾಲೇಜಿನಿಂದ ಬಂದು ಬಾಬಿನ್ನಿನ ದಾರವನ್ನೆಲ್ಲ ಬಿಚ್ಚಿ ಚಾಪೆಯ ಮೇಲೆ ಉದ್ದಕ್ಕೆ ಹಾಸಿದೆ. ದಾರ ಎರಡು ಕಡೆ ಬೂಷ್ಟು ಹಿಡಿದು ಮೆತ್ತಗಾಗಿತ್ತು. ಹೇಗಿದ್ದರೂ ಹೊಸ ದಾರ ಬೇಕು, ಹಾಗಾದರೆ ಮಣಿಗಳನ್ನು ಬಿಚ್ಚಿ ಎಣಿಸಿಬಿಟ್ಟರೆ ಲೆಕ್ಕ ಸಿಗುತ್ತದೆ ಎಂದುಕೊಂಡೆ. ಹೆಣಿಗೆಯ ಹತ್ತಿರ ಕತ್ತರಿಸಿದರೆ ಅವ್ವ ಹೆಣೆದದ್ದು ಬಿಚ್ಚಿಹೋದೀತೆಂದು ಭಯವಾಯಿತು. ಅದಕ್ಕೆ ಆ ತುದಿಯನ್ನು ಮುಟ್ಟದೆ, ದೂರದ ತುದಿಯ ಗಂಟು ತೆಗೆದು ಅಲ್ಲಿಂದ ಮಣಿಗಳನ್ನು ಇಳಿಸಿದೆ. ಮೊದಮೊದಲು ಬಂದ ಹಾಗೆಯೇ ಡೈರಿಯಲ್ಲಿ ಬರೆದುಕೊಂಡೆ: ಬಿಳಿ ಎಷ್ಟು, ಆಮೇಲೆ ಹಸಿರು ಎಷ್ಟು, ಮತ್ತೆ ಬಿಳಿ ಎಷ್ಟು. ಒಂದು ಪುಟ ತುಂಬಿದ ಮೇಲೆ ಬರೆಯುವುದನ್ನು ಬಿಟ್ಟು ಬಣ್ಣದ ಪ್ರಕಾರ ವಿಂಗಡಿಸತೊಡಗಿದೆ. ಹಾಕಿಡಲು ಅವ್ವನ ಇಂಜೆಕ್ಷನ್ನಿನ ಖಾಲಿ ಸೀಸೆಗಳಿದ್ದವು. ಆರು ಬಣ್ಣಕ್ಕೆ ಆರು. ಬಿಳಿ 1,402. ಹಸಿರು 318. ಕೆಂಪು 236. ನೀಲಿ 194. ಹಳದಿ 121. ಕಪ್ಪು 33. ಒಟ್ಟು 2,304. ಹೆಣಿಗೆಯಲ್ಲಿದ್ದ ಹಾಗೆ ಸಾಲಿಗೆ ನಲವತ್ತೆಂಟು ಮಣಿಯಂತೆ ಭಾಗಿಸಿದರೆ ಸರಿಯಾಗಿ ನಲವತ್ತೆಂಟು ಸಾಲು, ಶೇಷ ಸೊನ್ನೆ. ಅವ್ವ ನಿಖರವಾಗಿ ಅಷ್ಟನ್ನೇ ಪೋಣಿಸಿದ್ದಳು. ಅಂದು ಬಹಳ ಸಂತೋಷಪಟ್ಟೆ.

ಆಮೇಲೆ ಉಳಿದ ಸಾಮಾನಿಗೆ ಅಲೆದಾಟ. ಅವ್ವನ ಕಡ್ಡಿಗಳಿಗೆ ತುಕ್ಕು ಹಿಡಿದಿತ್ತು. ಅಂಗಡಿಗಳಲ್ಲಿ ಸಿಗುವ ಸ್ವೆಟರ್ ಕಡ್ಡಿಗಳು ಈ ಕೆಲಸಕ್ಕೆ ಒನಕೆಯಷ್ಟು ದಪ್ಪ. ಅವ್ವನವು ಸೈಕಲ್ಲಿನ ಗಾಲಿ ಕಡ್ಡಿಯನ್ನು ಕತ್ತರಿಸಿ ಮಾಡಿದವೆಂದು ಅಪ್ಪನೇ ನೋಡಿ ಹೇಳಿದರು. ಸೈಕಲ್ ಶಾಪಿನ ಮಂಜಣ್ಣ ನಾಲ್ಕು ಕಡ್ಡಿ ಎಣಿಸಿಕೊಡುತ್ತಾ, “ಮುಂದಿನ ಗಾಲಿಗೋ ಹಿಂದಿಂದಕ್ಕೋ?” ಎಂದ.

“ಗಾಲಿಗಲ್ಲಣ್ಣ. ಹೆಣೆಯಾಕೆ. ಇಷ್ಟುದ್ದ ಕತ್ತರಿಸಿ ತುದಿ ಅರದಿಂದ ಉಜ್ಜಿಕೊಡು.”

“ಸ್ವೆಟರಾ? ಈ ಊರಾಗ ಸ್ವೆಟರ್ ಹಾಕ್ಕಂಡು ಎಲ್ಲಿಗೆ ಹೋಗ್ತೀಯವ್ವ?” ಎಂದು ನಕ್ಕ. ನಕ್ಕರೂ ತುದಿಗಳನ್ನು ಎಷ್ಟು ನಯವಾಗಿ ಉಜ್ಜಿದನೆಂದರೆ ಅಂಗೈಗೆ ಒತ್ತಿದರೂ ಚುಚ್ಚುತ್ತಿರಲಿಲ್ಲ. ನಾನು ಮನೆಯಲ್ಲಿ ಉಪ್ಪುಕಾಗದ ಹಿಡಿದು, ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದೆ. ದಾರಕ್ಕೆ ಒಂಬತ್ತು ಅಂಗಡಿ ತಿರುಗಿದೆ. ಗಿರಣಿಯ ನೂಲು ಎಳೆದರೆ ಕಿತ್ತುಬರುತ್ತಿತ್ತು, ಕ್ರೋಶಾ ದಾರ ಮಣಿಯ ತೂತಿನಲ್ಲಿ ಹೋಗುತ್ತಿರಲಿಲ್ಲ. ಕೊನೆಗೆ ಬಳೆ ಅಂಗಡಿಯ ಸಾಹೇಬರು ಜರಿ ಕೆಲಸದವರು ಬಳಸುವ ಬಿಗಿ ಹುರಿಯ ದಾರದ ಉಂಡೆ, ಕೂದಲಿನಂಥ ಮಣಿಸೂಜಿ, ಒಂದು ತುಂಡು ಮೇಣ ಕೊಟ್ಟರು. ಹೆಣೆಯುವುದು ಹೇಗೆಂದು ಕೇಳಿದೆ.

“ಪೋಣಿಸೋರು ಬೇಕಾದಷ್ಟು ಮಂದಿ ಅದಾರಮ್ಮ. ಕಡ್ಡಿ ಹಿಡಿದು ಹೆಣೆಯೋರು ಈ ಊರಾಗ ಯಾರೂ ಇಲ್ಲ. ಹರಿಹರದಾಗ ಖೈರುಂಬಿ ಅಂತ ಒಬ್ರು ಇದ್ರು. ಈಗ ಅದಾರೋ ಇಲ್ವೋ. ಮಂದಿ ಅವರನ್ನ ಖಾಲಮ್ಮ ಅಂತಾರೆ.”

ಜುಲೈ 23ರಂದು ಹೋದೆ. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಸೇತುವೆಯ ಬಳಿ ಇಳಿದು ವಿಚಾರಿಸುತ್ತ ಹೋದರೆ ಓಣಿಯ ಕೊನೆಯಲ್ಲಿ ಹಂಚಿನ ಮನೆ. ಒಳಗೆ ಒಬ್ಬ ಹೆಂಗಸು ಹೊಲಿಗೆ ಮಿಷಿನ್ ತುಳಿಯುತ್ತಿದ್ದಳು, ಸೊಸೆ. ಕಿಟಕಿಯ ಬಳಿ ಖಾಲಮ್ಮ ಮಂಚದ ಮೇಲೆ ಕೂತಿದ್ದರು. ಎರಡೂ ಕಣ್ಣಿಗೆ ಪೊರೆ ಬಂದು ಬೂದಿ ಬಣ್ಣ ತಿರುಗಿತ್ತು.

“ಯಾರು?”

“ಗೌರಮ್ಮನ ಸಣ್ಣ ಮಗಳು, ಶಾರದಾ.”

“ಗೌರಿ ಮಗಳಾ! ಬಾ ಬೇಟಿ, ಕೂಡು. ಎಲ್ಲಿ ಅವ್ಳು? ಹೊರಗೆ ನಿಂತಾಳಾ? ಎಷ್ಟು ಸೊಕ್ಕು ನೋಡು, ವರ್ಷಾತು ಈ ಕಡೆ ಬಂದಿಲ್ಲ.”

ಅವರಿಗೆ ಯಾರೂ ತಿಳಿಸಿರಲಿಲ್ಲ. ನಾನೇ ಹೇಳಬೇಕಾಯಿತು. ಮಿಷಿನ್ ನಿಂತಿತು. ಖಾಲಮ್ಮ ನನ್ನ ಕೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡು, “ನಾನು ಹೋಗೋದು ನೋಡ್ಬೇಕಿತ್ತು ಅವ್ಳು. ಅವ್ಳೇ ಮೊದ್ಲು ಹೋದ್ಲಾ” ಎಂದರು. ನಾನು ಡಬ್ಬಿ ತೆಗೆದೆ. ಅವರು ಹೆಣಿಗೆಯ ಮೇಲೆ ಹೆಬ್ಬೆರಳು ಆಡಿಸಿದರು. ಮುಖ ಸ್ವಲ್ಪ ಅರಳಿತು.

“ಇದು ಗೌರಿ ಕೈನೇ. ಬಿಗಿ ನೋಡು ಹೆಂಗೈತೆ. ಹ್ಞೂಂ, ಮುಗಿಸೋಣ. ನಾನು ಹೇಳ್ತೀನಿ, ನೀನು ಮಾಡು. ಸುಲಭ ಐತೆ, ಅವ್ಳು ಪೋಣಿಸಿಟ್ಟಾಳಲ್ಲ. ದಾರ ಎಲ್ಲಿ ಐತೆ, ಕೊಡು.”

ನಾನು ಆರು ಸೀಸೆಗಳನ್ನು ಮಂಚದ ಮೇಲೆ ಸಾಲಾಗಿ ಇಟ್ಟೆ. “ಬಣ್ಣ ಬಣ್ಣ ಬ್ಯಾರೆ ಮಾಡಿಟ್ಟೀನಿ ಖಾಲಮ್ಮ. ಎರಡು ಸಾವಿರದ ಮುನ್ನೂರ ನಾಲ್ಕು. ಒಂದೂ ಕಳೆದಿಲ್ಲ.”

ಅವರು ಒಂದು ಸೀಸೆಯನ್ನು ಕಿವಿಯ ಬಳಿ ಹಿಡಿದು ಅಲುಗಾಡಿಸಿದರು. “ಬಿಚ್ಚಿದ್ಯಾ?”

“ಎಣಿಸಾಕೆ.”

“ಯಾ ಅಲ್ಲಾ” ಎಂದಳು ಸೊಸೆ.

ಖಾಲಮ್ಮ ಬೈಯಲಿಲ್ಲ. ಮಗುವಿಗೆ ಹೇಳುವಂತೆ ನಿಧಾನವಾಗಿ ಹೇಳಿದರು. “ಈ ಕೆಲಸದಾಗ ಚಿತ್ರ ಹೆಣೆಯೋವಾಗ ಬರಲ್ಲ ಬೇಟಿ, ಪೋಣಿಸೋವಾಗಲೇ ಬಂದಿರ್ತೈತೆ. ಒಂದು ಕುಣಿಕೆಗೆ ಒಂದು ಮಣಿ. ಕೊನೇ ಸಾಲಿಂದು ಮೊದ್ಲು ಪೋಣಿಸ್ಬೇಕು, ಮೊದಲ್ನೇ ಸಾಲಿಂದು ಕೊನೆಗೆ. ಪೋಣಿಸಿ ಮುಗೀತು ಅಂದ್ರೆ ಚಿತ್ರ ಮುಗೀತು. ಆಮೇಲೆ ಕುರುಡಿನೂ ಹೆಣೀಬಹುದು, ಬಂದ ಮಣಿ ತಳ್ಳಿಕೋತ ಹೋಗೋದು ಅಷ್ಟೇ. ನಿಮ್ಮವ್ವ ಚಿತ್ರ ಪೂರಾ ಬರೆದಿಟ್ಟು ಹೋಗಿದ್ಲು.”

“ಕಾಗದದ ಮೇಲೆ ಎಲ್ಲಾದ್ರೂ ಬರ್ಕಂಡಿರಬಹುದು.”

“ಗೌರಿ ಕಾಗದ ಯಾವತ್ತು ಮುಟ್ಟಿದ್ಲು? ತಲ್ಯಾಗಿಂದ ನೇರ ಸೂಜಿಗೆ.”

ವಾಪಸು ಬರುವಾಗ ಬಸ್ಸಿನ ಕಿಟಕಿಯ ಪರದೆ ಹರಿದಿತ್ತು, ಒಂದು ಭುಜ ಪೂರ್ತಿ ನೆನೆಯಿತು. ಪಕ್ಕಕ್ಕೆ ಸರಿಯಬೇಕೆಂದೂ ಅನ್ನಿಸಲಿಲ್ಲ. ಗುತ್ತೂರು ದಾಟುವಾಗ ಜೂನ್ ತಿಂಗಳ ಆ ಒಂದು ಪುಟ ನೆನಪಾಯಿತು. ಮನೆಗೆ ಬಂದವಳೇ ಡೈರಿ ಬಿಚ್ಚಿ ಕೂಡಿಸಿದೆ. ನಾನೂರ ಎಂಬತ್ತು ಮಣಿ, ಹತ್ತು ಸಾಲು. ದೂರದ ತುದಿಯಿಂದ ಇಳಿಸಿದ್ದರಿಂದ ಅವು ಸಂಚಿಯ ಅತ್ಯಂತ ಮೇಲಿನ ಹತ್ತು ಸಾಲುಗಳು. ಚೌಕದ ಕಾಗದದ ಮೇಲೆ ಬಣ್ಣ ತುಂಬಿದೆ. ಬಾಯಂಚಿಗೆ ಕೆಂಪು ಮೊಗ್ಗು, ಹಸಿರು ಎಲೆ. ಅದರ ಕೆಳಗೆ ಬರೀ ಬಿಳಿ. ಹತ್ತನೆಯ ಸಾಲಿನ ನಡುವೆ ಮೂರು ನೀಲಿ ಮಣಿ. ಆ ಸಾಲಿಗೆ ಪುಟ ಮುಗಿದಿತ್ತು.

ಕೆಳಗೆ ಎರಡು ಹಳದಿ ಕಾಲು, ಮೇಲೆ ಮೂರು ನೀಲಿ ಚುಕ್ಕೆ. ನಡುವೆ ಮೂವತ್ತೆಂಟು ಸಾಲು ಇಲ್ಲ.

ಆಗಸ್ಟಿನಿಂದ ಪ್ರತಿ ಭಾನುವಾರ ಹರಿಹರಕ್ಕೆ ಹೋದೆ. ಒಟ್ಟು ಹದಿನಾಲ್ಕು ಸಲ. ಬೇರೆ ದಾರದಲ್ಲಿ ಬೇರೆ ಮಣಿ ಪೋಣಿಸಿ ಹೆಣೆಯುವುದನ್ನು ಕಲಿತೆ. ಮೊದಲ ದಿನ ಎರಡೇ ಸಾಲು. ಕುಣಿಕೆ ಎಳೆದಾಗ ಮಣಿ ಹಿಂದಕ್ಕೆ ಜಾರುತ್ತಿತ್ತು. ಖಾಲಮ್ಮ ನನ್ನ ಹೆಣಿಗೆಯನ್ನು ಬೆರಳಲ್ಲೇ ಓದುತ್ತಿದ್ದರು. “ಇಲ್ಲಿ ಒಂದು ಜಾಸ್ತಿ ಐತೆ” ಎಂದರೆ ಜಾಸ್ತಿ ಇದ್ದೇ ಇರುತ್ತಿತ್ತು. ಅದನ್ನು ಬಿಚ್ಚದೆ, ಮಣಿಯನ್ನು ಇಕ್ಕಳದಲ್ಲಿ ಒಡೆದು ತೆಗೆಯುವುದನ್ನು ಹೇಳಿಕೊಟ್ಟರು. “ಜಾಸ್ತಿ ಆದ್ರೆ ಒಡೀಬಹುದು. ಕಮ್ಮಿ ಆದ್ರೆ ಏನೂ ಮಾಡಾಕ್ ಬರಲ್ಲ” ಎಂದರು. ನನಗೇ ಹೇಳಿದ್ದೆಂದು ಅನ್ನಿಸಿತು. ಅವರ ಮನಸ್ಸಿನಲ್ಲಿ ಅದು ಇರಲಿಕ್ಕಿಲ್ಲ.

ಸೆಪ್ಟೆಂಬರ್ 24ರಂದು, ಸೊಸೆ ಬಾವಿಗೆ ಹೋದಾಗ, ಅವರಾಗಿಯೇ ಮಾತೆತ್ತಿದರು.

“ಅವತ್ತೇ ಹೇಳ್ಬೇಕಂತಿದ್ದೆ. ನೀನು ಅಳ್ತೀಯಾ ಅಂತ ಬಿಟ್ಟೆ. ಕಡೀ ಸಲ ಗೌರಿ ಬಂದಾಗ ಮಣಿ ಇಲ್ಲೇ ಕೂತು ಆರಿಸಿದ್ಲು. ಸಣ್ಣಾಕಿದು ಅಂದ್ಲು.”

“ನನಗಾ?”

“ನಿನಗೇ. ಅದ್ಕೇ ಇಷ್ಟು ವರ್ಷ ತಡೀತು, ಈಗ ಆಕಿ ಯಾರು ಅಂತ ಗೊತ್ತಾತು ಖಾಲಮ್ಮ, ಅಂದ್ಲು. ಏನ್ ಚಿತ್ರನೇ ಅಂತ ಕೇಳಿದೆ. ಹೇಳ್ಬಾರ್ದು ಅಂತ ನೀನೇ ಕಲ್ಸಿದ್ದಲ್ಲ ಅಂತ ನಕ್ಲು, ಬೇಟಿ.”

ನಾನು ಅಳಲಿಲ್ಲ. ಆ ದಿನದ ಡೈರಿಯಲ್ಲಿ “ಮೂರು ಸಾಲು, ತಪ್ಪು ಒಂದು” ಎಂದಷ್ಟೇ ಇದೆ.

ಅಕ್ಟೋಬರ್ ಪೂರ್ತಿ ಚೌಕದ ಕಾಗದದ ಮೇಲೆ ಕಳೆಯಿತು. ಕಾಣೆಯಾದ ಸಾಲುಗಳಲ್ಲಿ 1,824 ಮಣಿ. ಯಾವ ಬಣ್ಣ ಎಷ್ಟೆಂಬುದು ಗೊತ್ತು, ಎಲ್ಲಿ ಎಂಬುದು ಗೊತ್ತಿಲ್ಲ. ಸರಿಯಾಗಿ ಅಷ್ಟೇ ಮಣಿಗಳಲ್ಲಿ ನವಿಲು ಬರೆದೆ, ಬಂತು. ಪುಸ್ತಕ ಹಿಡಿದ ಹುಡುಗಿಯನ್ನು ಬರೆದೆ. ಸ್ಕೂಲಿಗೆ ಹೋಗುವಾಗ ಅವ್ವ ನನ್ನ ಜಡೆಗೆ ನೀಲಿ ಟೇಪು ಕಟ್ಟುತ್ತಿದ್ದಳು. ಅದೂ ಬಂತು. ಕೊಕ್ಕರೆ ಬಂತು. ನಾಲ್ಕು ಕಾಲಿನ ಬದಲು ಎರಡೇ ಕಾಲಿನ ಮೇಜು, ಮೇಲೆ ನೀಲಿ ದೀಪ, ಅದೂ ಬಂತು. ಹನ್ನೊಂದು ಚಿತ್ರ ಬರೆದೆ. ಹನ್ನೊಂದರಲ್ಲೂ ಲೆಕ್ಕ ಸರಿಹೋಯಿತು. ಅವ್ವ ಕಂಡದ್ದು ಅವುಗಳಲ್ಲಿ ಯಾವುದೂ ಇರಲಿಕ್ಕಿಲ್ಲ.

ದೀಪಾವಳಿಗೆ ಬಂದ ಅಕ್ಕ ಎಲ್ಲವನ್ನೂ ಹರಡಿಕೊಂಡು ನೋಡಿ, “ನೀಲಿ ಅಂದ್ಮೇಲೆ ನವಿಲೇ ಕಣೇ. ಹಾಕಿ ಮುಗಿಸು, ಎಷ್ಟು ತಲೆ ಕೆಡಿಸ್ಕೋತೀ?” ಎಂದಳು.

“ನಾನ್ಯಾಕೆ ನವಿಲು? ನಾನೇನ್ ಕುಣೀತೀನಾ?”

ಅಕ್ಕನಿಗೆ ನಗು ಬಂತು. ಅವಳು ನಗುತ್ತಲೇ ಅತ್ತಳು. ಅವಳ ಸೊಂಟದಲ್ಲಿ ಗಿಣಿಯ ಸಂಚಿ ಇತ್ತು. ನಾನು ಅದರ ಕಡೆ ನೋಡದಿರಲು ಪ್ರಯತ್ನಪಟ್ಟೆ.

ಖಾಲಮ್ಮನೂ “ಯಾವುದಾದ್ರೂ ಹಾಕು ಬೇಟಿ, ಕೇಳೋರ್ ಯಾರು?” ಎಂದರು. ನವೆಂಬರ್ 5ರಂದು ಹೊಸ ದಾರಕ್ಕೆ ಮೇಣ ಎಳೆದು ಪೋಣಿಸಲು ಕೂತೆ. ಮೇಲಿನ ಹತ್ತು ಸಾಲನ್ನು ಡೈರಿ ನೋಡಿಕೊಂಡು ಅವ್ವನಂತೆಯೇ ಪೋಣಿಸಿದೆ. ಮೂರು ನೀಲಿ ಮಣಿ ದಾಟಿದ ಮೇಲೆ ಸೂಜಿ ನಿಂತಿತು. ಹನ್ನೊಂದು ಕಾಗದಗಳು ಎದುರಿಗಿದ್ದವು. ಅವನ್ನು ಮಡಚಿಟ್ಟು ಬಿಳಿ ತೆಗೆದುಕೊಂಡೆ. ಮೂವತ್ತೆಂಟು ಸಾಲೂ ಬಿಳಿ. ಅವ್ವನ ಬಿಳಿ ಅಷ್ಟಕ್ಕೆ ಸಾಲುತ್ತಿರಲಿಲ್ಲ. ಸಾಹೇಬರ ಅಂಗಡಿಯಲ್ಲಿ ಸಿಕ್ಕ ಬಿಳಿ ಹಾಲಿನಂತೆ ಹೊಳೆಯುತ್ತಿತ್ತು, ಅವ್ವನದು ಅನ್ನದ ಬಣ್ಣ. ಇಪ್ಪತ್ತೊಂದು ಸಾಲು ಅವ್ವನದು, ಹದಿನೇಳು ಅಂಗಡಿಯದು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ಇವತ್ತಿಗೂ ದೂರದಿಂದ ಕಾಣುತ್ತದೆ.

ಹೆಣೆದು ಮುಗಿದದ್ದು ಡಿಸೆಂಬರ್ 10ರಂದು, ವರ್ಷದ ಕಾರ್ಯಕ್ಕೆ ನಾಲ್ಕು ದಿನ ಮುಂಚೆ. ಮಖಮಲ್ಲನ್ನು ಖಾಲಮ್ಮನ ಸೊಸೆ ಹೊಲಿದುಕೊಟ್ಟಳು. ಖಾಲಮ್ಮ ಬೆರಳಾಡಿಸಿ, “ಗೌರಿದೆಲ್ಲಿ ನಿಂತೈತೆ, ನಿಂದೆಲ್ಲಿ ಶುರುವಾಗೈತೆ, ಗೊತ್ತಾಗವಲ್ದು” ಎಂದರು. ಬಣ್ಣ ಅವರಿಗೆ ಕಾಣುತ್ತಿರಲಿಲ್ಲ. ಯಾವ ಚಿತ್ರ ಹಾಕಿದೆ ಎಂದು ಕೇಳಲಿಲ್ಲ. ಅದು ಅವರದೇ ಪದ್ಧತಿ. ಮುಂದಿನ ಬೇಸಿಗೆಯಲ್ಲಿ ಅವರೂ ಹೋದರು.

ಕಾರ್ಯದ ದಿನ ಬೆಳಿಗ್ಗೆ ಅವ್ವನ ಫೋಟೋದ ಮುಂದೆ ಸಂಚಿ ಇಟ್ಟೆ. ಅಪ್ಪ ಕೈಗೆತ್ತಿಕೊಂಡರು. ಕಾಲುಗಳ ಮೇಲೆ, ಬಿಳಿಯ ಮೇಲೆ, ನೀಲಿ ಚುಕ್ಕೆಗಳ ಮೇಲೆ ಅವರ ಕಣ್ಣು ಹೋಗಿ ಬಂತು.

“ಏನಾದ್ರೂ ಹಾಕ್ಬೇಕಿತ್ತಾ ಅಪ್ಪ?”

“ಬ್ಯಾಡ. ನೋಡದೇ ಇದ್ದ ಆಳಿಗೆ ನಾನು ಹಾಜರಿ ಹಾಕಲ್ಲ” ಎಂದರು. “ಅವ್ಳು ನೋಡಿದ್ಲು. ಅಷ್ಟು ಸಾಕು” ಎಂದು ಅದನ್ನು ನನ್ನ ಕೈಗೆ ಕೊಟ್ಟರು.

ಸಂಚಿ ಈಗಲೂ ನನ್ನ ಹತ್ತಿರ ಇದೆ. ಬಸ್ಸಿನ ಚಿಲ್ಲರೆ ಅದರಲ್ಲೇ. ಆ ದಿನ ಚಪ್ಪಲಿ ಹೊಲಿದ ಮುದುಕನೂ ಅದನ್ನು ನೋಡಿ, “ಚೆಂದೈತ್ರಿ. ನಡುವೆ ಏನೋ ಅಳಿಸಿಹೋಗೈತಲ್ಲ” ಎಂದಿದ್ದ. ಸೀಸೆಗಳು ಹಾಲಿನ ಪುಡಿಯ ಡಬ್ಬಿಯಲ್ಲಿವೆ. ಹಸಿರು 233, ಕೆಂಪು 196, ನೀಲಿ 191, ಹಳದಿ 121, ಕಪ್ಪು 33. ನಾನು ಯಾರೆಂದು ಅವ್ವ ಕಂಡದ್ದೆಲ್ಲ ಅಷ್ಟರಲ್ಲಿದೆ. ವರ್ಷಕ್ಕೊಮ್ಮೆ ಎಣಿಸುತ್ತೇನೆ. ಒಂದೂ ಕಡಿಮೆಯಾಗಿಲ್ಲ.

ಹೋದ ತಿಂಗಳು ಮನೆಗೆ ಬಂದು ತೆರೆದದ್ದು ಜೂನ್ 12ರ ಪುಟವನ್ನೇ. ಮೇಲಿನಿಂದ ಕೆಳಗಿನವರೆಗೆ ಗುಂಡಗಿನ ಅಕ್ಷರ, ಒಂದೂ ಚಿತ್ತಿಲ್ಲ. ಮೂರು ನೀಲಿ, ಮತ್ತೆ ಬಿಳಿ ಎಂಬುದರ ಕೆಳಗೆ ಒಂದು ಗೆರೆ ಎಳೆದು ಬರೆದಿದ್ದೇನೆ: “ಇಲ್ಲಿಗೆ ಬೇಸರ ಬಂತು. ಬಂದ ಹಾಗೆ ಬರೆಯುತ್ತ ಕೂತರೆ ಮುಗಿಯುವುದಿಲ್ಲ, ಉಪಯೋಗವೂ ಇಲ್ಲ. ಇನ್ನು ಬಣ್ಣದ ಪ್ರಕಾರ ಹಾಕುತ್ತೇನೆ, ಬೇಗ ಆಗುತ್ತದೆ.”